ಪುಟ್ಟಸ್ವಾಮಯ್ಯನವರ ಫೇರ್ ಕಾಪಿ

ಚಿಂತಾಮಣಿಯಲ್ಲಿ ಯಾರಿಗಾದರೂ ಅರ್ಜಿ ಬರೆಸಬೇಕಾದರೆ ಪುಟ್ಟಸ್ವಾಮಯ್ಯನವರ ಮನೆ ಹುಡುಕಿಕೊಂಡು ಬರುತ್ತಾರೆ. ಪಿಂಚಣಿ ನಿಂತವರು, ಪಹಣಿಯಲ್ಲಿ ಹೆಸರು ತಪ್ಪಿದವರು, ಜಾತಿ ಸರ್ಟಿಫಿಕೇಟಿಗೆ ಅಲೆದು ಚಪ್ಪಲಿ ಸವೆಸಿದವರು, ಎಲ್ಲರೂ ಒಂದಲ್ಲ ಒಂದು ದಿನ ಅವರ ವರಾಂಡದ ಬೆಂಚಿನ ಮೇಲೆ ಕುಳಿತವರೇ. ಸರ್ಕಾರಿ ಕಚೇರಿಯೊಂದರಲ್ಲಿ ಮೂವತ್ತನಾಲ್ಕು ವರ್ಷ ಗುಮಾಸ್ತರಾಗಿದ್ದು ನಿವೃತ್ತರಾದ ಮನುಷ್ಯ. ಅಕ್ಷರ ಮುತ್ತು ಪೋಣಿಸಿದ ಹಾಗೆ. ಅದಕ್ಕಿಂತ ದೊಡ್ಡ ಹೆಗ್ಗಳಿಕೆಯೆಂದರೆ ಅವರು ಬರೆದುಕೊಟ್ಟ ಕಾಗದ ಆಕ್ಷೇಪಣೆ ಹಾಕಿಸಿಕೊಂಡು ವಾಪಸ್ ಬಂದದ್ದಿಲ್ಲ. ಯಾರಿಂದಲೂ ಏನೂ ಮುಟ್ಟುವವರಲ್ಲ. ಬಂದವರಿಗೆಲ್ಲ ಕಾಫಿ ಕಾಯಿಸಬೇಕಾದ ಹೆಂಡತಿ ಕಮಲಮ್ಮ ಮಾತ್ರ "ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದು ಅಡುಗೆಮನೆಯಿಂದಲೇ ಗೊಣಗುತ್ತಿರುತ್ತಾರೆ.

ಅವರು ಹೀಗಾದದ್ದಕ್ಕೆ ಕಾರಣವಿದೆ. ಶಿಡ್ಲಘಟ್ಟದಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಪಕ್ಕದ ಮೇಜಿನಲ್ಲಿ ಗಂಗುಲಪ್ಪ ಎಂಬ ಗುಮಾಸ್ತನಿದ್ದ. ಕೆಲಸದಲ್ಲಿ ಅಂಥ ಕೊರತೆಯೇನೂ ಇದ್ದವನಲ್ಲ. ವರ್ಷಕ್ಕೊಮ್ಮೆ ಸಾಹೇಬರು ಪ್ರತಿಯೊಬ್ಬ ನೌಕರನ ಮೇಲೂ ಒಂದು ಗೌಪ್ಯ ವರದಿ ಬರೆಯುವುದು ಪದ್ಧತಿ. ಒಂದು ವರ್ಷ ಹೆಂಡತಿಯ ಹತ್ತಿರ ಜಗಳ ಆಡಿಕೊಂಡು ಬಂದಿದ್ದನೋ ಏನೋ, ಆ ಸಾಹೇಬ ಗಂಗುಲಪ್ಪನ ಹೆಸರಿನ ಮುಂದೆ "ಉದಾಸೀನ ಸ್ವಭಾವದವನು" ಎಂದು ಗೀಚಿಬಿಟ್ಟ. ಸಾಹೇಬ ವರ್ಗವಾಗಿ ಹೋದ, ಆ ಎರಡು ಪದ ಹೋಗಲಿಲ್ಲ. ಬಡ್ತಿಯ ಪಟ್ಟಿ ತಯಾರಾದಾಗಲೆಲ್ಲ ಕಡತದೊಳಗಿಂದ ಎದ್ದು ಬಂದು ಅಡ್ಡ ನಿಲ್ಲುತ್ತಿದ್ದವು. ಗಂಗುಲಪ್ಪ ಸೇರಿದ ಮೇಜಿನಲ್ಲೇ ಮುದುಕನಾಗಿ ಮನೆಗೆ ಹೋದ. ಅದನ್ನು ಕಣ್ಣಾರೆ ಕಂಡ ಪುಟ್ಟಸ್ವಾಮಯ್ಯ, ತನ್ನ ಕೈಯಿಂದ ಹೊರಟ ಕಾಗದದಿಂದ ಯಾರ ಬಾಳೂ ಕೆಡಬಾರದು ಎಂದು ತೀರ್ಮಾನಿಸಿಕೊಂಡರು.

ಮುಂದೆ ಅವರೇ ಹಿರಿಯ ಗುಮಾಸ್ತರಾಗಿ, ಸಾಹೇಬರ ಕರಡು ವರದಿಗಳು ಫೇರ್ ಕಾಪಿ ಮಾಡಲು ಅವರ ಮೇಜಿಗೆ ಬರತೊಡಗಿದವು. ಕರಡಿನಲ್ಲಿ "ಕುಡಿದು ಬರುತ್ತಾನೆ" ಎಂದಿದ್ದದ್ದು ಫೇರ್ ಕಾಪಿಯಲ್ಲಿ "ಆರೋಗ್ಯದ ಕಡೆ ಗಮನ ಕೊಡಬೇಕು" ಎಂದಾಗುತ್ತಿತ್ತು. "ಮೇಜಿನ ಮೇಲೆ ನಿದ್ದೆ ಹೊಡೆಯುತ್ತಾನೆ" ಎನ್ನುವುದು "ಶಾಂತ ಸ್ವಭಾವದವನು" ಎಂದು ತಿರುಗುತ್ತಿತ್ತು. ಸಾಹೇಬರುಗಳಿಗೆ ಓದುವ ಪುರುಸೊತ್ತೆಲ್ಲಿ? ಅಂದವಾದ ಅಕ್ಷರ ನೋಡಿ ರುಜು ಎಳೆಯುತ್ತಿದ್ದರು. ಕರಡನ್ನು ಮಾತ್ರ ಹರಿಯುವಂತಿಲ್ಲ, ಫೇರ್ ಕಾಪಿಯ ನಕಲಿನ ಹಿಂದೆ ಟ್ಯಾಗ್ ಹಾಕಿ ಕಡತದಲ್ಲಿಡಬೇಕು. ಆ ಶಿಸ್ತನ್ನು ಪುಟ್ಟಸ್ವಾಮಯ್ಯ ಮನೆಯ ಕರೆಂಟು ಬಿಲ್ಲಿನವರೆಗೂ ಪಾಲಿಸಿಕೊಂಡು ಬಂದರು. ಒಟ್ಟಿನಲ್ಲಿ ಒಳ್ಳೆಯ ಮನುಷ್ಯ. ಕೆಟ್ಟವರು ಮಾಡಿದ ಕೇಡನ್ನಾದರೂ ಬೈದು ಹಗುರಾಗಬಹುದು, ಒಳ್ಳೆಯವರದಕ್ಕೆ ಆ ಸುಖವೂ ಇಲ್ಲ.

ಮನೆಯಲ್ಲಿ ಮಗ ಗಣೇಶ್ ಪ್ರಸಾದ್ ಇದ್ದಾನೆ. ಹೊಸಕೋಟೆಯ ಹತ್ತಿರದ ಗೋದಾಮೊಂದರ ಆಫೀಸಿನಲ್ಲಿ ಕೆಲಸ. ಬೆಳಿಗ್ಗೆ ಆರರ ಬಸ್ಸಿಗೆ ಹೋದರೆ ಎಲ್ಲರ ಊಟ ಮುಗಿದ ಮೇಲೆ ಬರುತ್ತಾನೆ. ಸೊಸೆ ಶ್ರೀವಲ್ಲಿ ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಟೀಚರು. ಇವರಿಬ್ಬರ ಒಬ್ಬಳೇ ಮಗಳು ಅಕ್ಷಯಾ, ಹನ್ನೆರಡು ವರ್ಷ, ಪೇಟೆಯ ಖಾಸಗಿ ಶಾಲೆಯಲ್ಲಿ ಏಳನೇ ಕ್ಲಾಸು.

ಅಕ್ಷಯಾ ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು. ರಂಗೋಲಿ ಇಡಲು ಕೂತರೆ ಅರ್ಧ ಹೂವಾಗುವಷ್ಟರಲ್ಲಿ ಬೀದಿಯ ನಾಯಿಮರಿಯ ಹಿಂದೆ ಹೋಗಿರುತ್ತಾಳೆ. ಹಾಲು ಉಕ್ಕೀತು ನೋಡಿಕೋ ಎಂದರೆ ಒಲೆಯ ಮುಂದೆಯೇ ನಿಂತು ಉಕ್ಕಿಸುತ್ತಾಳೆ. ಆ ವರ್ಷ ಶಾಲೆ ಶುರುವಾದ ಮೇಲೆ ಮೂರು ನೀರಿನ ಬಾಟಲಿ, ಎರಡು ಜಾಮಿಟ್ರಿ ಬಾಕ್ಸು, ಒಂದು ಕಾಲಿನ ಶೂ ಕಳೆದಿದ್ದಳು. ಒಂದೇ ಕಾಲಿನ ಶೂ ಹೇಗೆ ಕಳೆಯುತ್ತದೆ ಎಂದು ಕೇಳಿದರೆ ಅವಳಿಗೂ ಆಶ್ಚರ್ಯವೇ. ಮಾತಿಗೆ ಕೂತಳೆಂದರೆ ಇಡೀ ಶಾಲೆಯ ಟೀಚರುಗಳನ್ನು ಅಣಕಿಸಿ ತಾತನ ಹೊಟ್ಟೆ ಹುಣ್ಣಾಗಿಸುತ್ತಾಳೆ. ಬಾಯಲ್ಲಿ ಕೇಳಿದರೆ ಪಾಠವೆಲ್ಲ ಗೊತ್ತು, ಬರೆಯಲು ಕೊಟ್ಟರೆ ನಾಲ್ಕನೇ ಸಾಲಿಗೆ ಪೆನ್ನು ಎಲ್ಲೋ, ಹುಡುಗಿ ಎಲ್ಲೋ. ಶಾಲೆಯ ಡೈರಿಯಲ್ಲಿ ದಿನಾ ಕೆಂಪು ಶಾಯಿ: ಅಜಾಗರೂಕತೆ, ಸೋಮಾರಿತನ, ಪಾಲಕರು ಬಂದು ಕಾಣುವುದು. ಮನೆಗೆ ಬಂದರೆ ಅಮ್ಮನ ಕೈಲಿ ಏಟು. ಶ್ರೀವಲ್ಲಿಯೇನು ಹೊಡೆಯುವ ಸ್ವಭಾವದವಳಲ್ಲ, ಆದರೆ ನಲವತ್ತು ಮಕ್ಕಳನ್ನು ಸಂಭಾಳಿಸಿ ಬಂದು ಒಂದು ಮಗುವಿಗೆ ಸೋಲುವ ದಿನ ಕೈ ತಾನಾಗಿ ಏಳುತ್ತದೆ.

ಕಮಲಮ್ಮ ತಮ್ಮ ಪ್ರಯತ್ನ ತಾವು ಮಾಡಿದರು. ಮೊಮ್ಮಗಳನ್ನು ಮುರುಗಮಲ್ಲದ ದರ್ಗಾಕ್ಕೆ ಕರೆದುಕೊಂಡು ಹೋಗಿ ನವಿಲುಗರಿ ಆಡಿಸಿ ದಾರ ಕಟ್ಟಿಸಿಕೊಂಡು ಬಂದರು. ಎರಡೇ ದಿನಕ್ಕೆ ಅಕ್ಷಯಾ ದಾರವನ್ನೂ ಕಳೆದುಕೊಂಡು ಬಂದಳು.

ಹೀಗಿರುವಾಗ ಶ್ರೀವಲ್ಲಿಯನ್ನು ಚಿಕ್ಕಬಳ್ಳಾಪುರದಲ್ಲಿ ಮೂರು ದಿನದ ತರಬೇತಿಗೆ ಹಾಕಿದರು. ಸಾಮಾನ್ಯವಾಗಿ ಇಂಥ ತರಬೇತಿಗಳಲ್ಲಿ ನೆನಪಿನಲ್ಲಿ ಉಳಿಯುವುದು ಮಧ್ಯಾಹ್ನದ ಊಟ ಮಾತ್ರ. ಎರಡನೇ ದಿನ ಬಂದ ಹೆಂಗಸೊಬ್ಬರು ಗಮನ ನಿಲ್ಲಿಸಲಾಗದ ಮಕ್ಕಳ ಬಗ್ಗೆ ಮಾತಾಡಿದರು. ಎಡಿಎಚ್‌ಡಿ ಎಂದು ಅದಕ್ಕೆ ಹೆಸರು, ಅದು ಕೊಬ್ಬಲ್ಲ, ಸೋಮಾರಿತನವಲ್ಲ, ಮಿದುಳು ಕೆಲಸ ಮಾಡುವ ರೀತಿಯೇ ಹಾಗೆ, ತೋರಿಸಿದರೆ ದಾರಿಯಿದೆ ಎಂದರು. ವಸ್ತು ಕಳೆಯುವುದು, ಅರ್ಧಕ್ಕೆ ಬಿಡುವುದು, ಕೂತಲ್ಲಿ ಕೂರದಿರುವುದು ಎಂದು ಒಂದೊಂದಾಗಿ ಹೇಳುತ್ತ ಹೋದಂತೆ ಶ್ರೀವಲ್ಲಿಗೆ ಇವರು ಯಾವಾಗ ನಮ್ಮ ಮನೆಗೆ ಬಂದು ನೋಡಿ ಹೋದರು ಅನ್ನಿಸಿತಂತೆ. ಆ ಸಂಜೆ ಬಸ್ಸಿಳಿದು ಮನೆಗೆ ಬಂದವಳು ಕೈಕಾಲು ಕೂಡ ತೊಳೆಯದೆ ಮಗಳನ್ನು ತಬ್ಬಿಕೊಂಡು ಅತ್ತಳು.

ಪುಟ್ಟಸ್ವಾಮಯ್ಯನವರಿಗೆ ಇದು ಸರಿಬರಲಿಲ್ಲ. "ಮಗು ಚೂಟಿಯಾಗಿದೆ ಕಣಮ್ಮ, ಅದಕ್ಯಾಕೆ ಆಸ್ಪತ್ರೆ ಮೆಟ್ಲು ಹತ್ತಿಸ್ತೀಯ?" ಎಂದರು. ಸೊಸೆ ಕೇಳಲಿಲ್ಲ. ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಮಕ್ಕಳ ಮನಸ್ಸಿನ ಡಾಕ್ಟರ ಹತ್ತಿರ ದಿನ ಗೊತ್ತುಮಾಡಿಸಿದಳು. ಗಂಡನಿಗೆ ರಜೆ ಸಿಗಲಿಲ್ಲವಾಗಿ ಮಾವನೇ ಜೊತೆಗೆ ಹೊರಟರು. ಬಸ್ ಸ್ಟ್ಯಾಂಡಿನಲ್ಲಿ ಬೀದಿಯ ಆಂಜಿನಮ್ಮ ಎದುರಾಗಿ, "ಏಮಯ್ಯಾ, ಪಿಲ್ಲನಿ ಎಕ್ಕಡಿಕಿ ಕರ್ಕೊಂಡ್ ಹೋಗ್ತಿದೀರ?" ಎಂದು, ಹುಡುಗಿಯ ಪಯಣ ಎಲ್ಲಿಗೆಂದು ತೆಲುಗು ಬೆರೆಸಿ ವಿಚಾರಿಸಿದಳು. "ಕಣ್ಣು ಟೆಸ್ಟ್ ಮಾಡ್ಸೋಕಮ್ಮ" ಎಂದು ಪುಟ್ಟಸ್ವಾಮಯ್ಯ ಥಟ್ಟನೆ ಹೇಳಿದರು. ಶ್ರೀವಲ್ಲಿ ಮಾವನ ಮುಖ ನೋಡಿದಳು.

ಬಸ್ಸಿನಲ್ಲಿ ಅಕ್ಷಯಾ ಕಿಟಕಿ ಬಿಟ್ಟು ತಾತನ ಪಕ್ಕ ಬಂದು ಕೂತಳು.

"ತಾತ, ಡಾಕ್ಟ್ರು ಏನಾದ್ರೂ ಇದೆ ಅಂದ್ರೆ ಒಳ್ಳೇದಾ, ಇಲ್ಲ ಅಂದ್ರೆ ಒಳ್ಳೇದಾ?"

"ಇಲ್ಲ ಅಂದ್ರೇನೇ ಒಳ್ಳೇದು ಕಣಮ್ಮ. ಇದೆ ಅನ್ನಿಸ್ಕೊಳೋದು ಯಾರಿಗ್ ಬೇಕು?"

"ನಂಗೆ ಬೇಕು" ಎಂದಳು ಹುಡುಗಿ. "ಬೋರ್ಡ್ ನೋಡ್ಬೇಕು ನೋಡ್ಬೇಕು ಅಂತಾನೇ ಕೂತಿರ್ತೀನಿ ತಾತ. ಯಾವಾಗ ಬಿಟ್ಟೆ ಅಂತಾನೇ ಗೊತ್ತಾಗಲ್ಲ. ಇಲ್ಲ ಅಂದ್ಬಿಟ್ರೆ ನಾನು ಬೇಕಂತಲೇ ಹಂಗೆ ಮಾಡ್ತೀನಿ ಅಂತಾಗುತ್ತಲ್ಲ."

ತಾತ ನಕ್ಕು ಅವಳ ಜಡೆ ಎಳೆದರು. ಹನ್ನೆರಡು ವರ್ಷದ ಹುಡುಗಿ ತನ್ನ ಹೊಟ್ಟೆಯೊಳಗಿನದನ್ನು ಅಷ್ಟು ಸ್ಪಷ್ಟವಾಗಿ ತೆಗೆದು ಕೈಗೆ ಕೊಟ್ಟಿದ್ದಳು. ಊರವರ ಮನವಿಯನ್ನೆಲ್ಲ ಕಿವಿಗೊಟ್ಟು ಕೇಳುವ ಮನುಷ್ಯನಿಗೆ ಆ ಒಂದು ಮನವಿ ಮಗುವಿನ ಮಾತಾಗಿ ಕೇಳಿಸಿತು, ಅಷ್ಟೇ.

ಡಾಕ್ಟರು ಐವತ್ತರ ಹೆಂಗಸು, ನಿಧಾನವಾಗಿ ಮಾತಾಡುವವರು. ಶ್ರೀವಲ್ಲಿಯ ಹತ್ತಿರ ಮುಕ್ಕಾಲು ಗಂಟೆ ಕೇಳಿದರು, ಅಕ್ಷಯಾಳ ಹತ್ತಿರ ಬೇರೆಯಾಗಿ ಮಾತಾಡಿದರು. ಕೊನೆಗೆ ಎರಡು ಫಾರಂ ಕೊಟ್ಟರು. ಒಂದು ಮನೆಯವರು ತುಂಬಬೇಕಾದ್ದು, ಇನ್ನೊಂದು ಕ್ಲಾಸ್ ಟೀಚರು ತುಂಬಬೇಕಾದ್ದು. ಒಂದೊಂದು ಪ್ರಶ್ನೆಯ ಮುಂದೂ ನಾಲ್ಕು ಚೌಕ: ಇಲ್ಲವೇ ಇಲ್ಲ, ಕೆಲವೊಮ್ಮೆ, ಆಗಾಗ್ಗೆ, ಬಹಳ ಸಲ. "ಮನೇಲೂ ಸ್ಕೂಲಲ್ಲೂ ಎರಡು ಕಡೆನೂ ತೊಂದರೆ ಇದೆಯಾ ಅನ್ನೋದು ನಮಗೆ ಮುಖ್ಯ. ಇರೋದನ್ನ ಇದ್ದ ಹಾಗೆ ಬರೀರಿ, ಚೆನ್ನಾಗಿ ಕಾಣ್ಲಿ ಅಂತ ಬರೀಬೇಡಿ" ಎಂದು ಹೇಳಿ, ಮೂರು ವಾರ ಬಿಟ್ಟು ಬರಲು ತಿಳಿಸಿದರು. ಪುಟ್ಟಸ್ವಾಮಯ್ಯ ಫಾರಂ ಎರಡನ್ನೂ ಮಡಿಕೆ ಬೀಳದಂತೆ ತಮ್ಮ ಬ್ಯಾಗಿಗೆ ಸೇರಿಸಿದರು.

ಅಷ್ಟರಲ್ಲಿ ಟೀಚರುಗಳನ್ನೆಲ್ಲ ಮನೆ ಮನೆ ಸಮೀಕ್ಷೆಗೆ ಹಾಕಿದರು. ಶ್ರೀವಲ್ಲಿ ಬೆಳಿಗ್ಗೆ ಬ್ಯಾಗು ತಗುಲಿಸಿಕೊಂಡು ಹೋದರೆ ಹಳ್ಳಿ ಹಳ್ಳಿ ಸುತ್ತಿ, ನೆಟ್‌ವರ್ಕ್ ಸಿಗದ ಮೊಬೈಲಿಗೆ ಶಾಪ ಹಾಕಿ, ಸಂಜೆ ಕಾಲು ಎಳೆದುಕೊಂಡು ಬರುವಳು. ಅದರ ನಡುವೆಯೂ ಎರಡು ದಿನ ಕೂತು ಮನೆಯ ಫಾರಮ್ಮನ್ನು ಪೆನ್ಸಿಲಿನಲ್ಲಿ ತುಂಬಿದಳು. ಅಂಚಿನಲ್ಲಿ ಚಿಕ್ಕದಾಗಿ ಉದಾಹರಣೆಗಳನ್ನೂ ಬರೆದಳು, ಹಾಲು, ಬಾಟಲಿ, ಶೂ, ಎಲ್ಲವನ್ನೂ.

"ಪೆನ್ಸಿಲಲ್ಲಿ ಕೊಡೋಕಾಗುತ್ತೇನಮ್ಮ? ಇಲ್ಲಿ ಕೊಡು, ಒಂದು ಖಾಲಿ ಫಾರಂ ಜೆರಾಕ್ಸ್ ಮಾಡಿಸಿಟ್ಟಿದೀನಿ, ನಾನು ಫೇರ್ ಕಾಪಿ ಮಾಡ್ತೀನಿ" ಎಂದರು ಮಾವ.

"ಸರಿ ಮಾವ" ಎಂದು ಕೊಟ್ಟಳು. ಊರೇ ನಂಬುವ ಕೈ ಅದು, ಅವಳು ಏಕೆ ನಂಬಬಾರದು?

ಪುಟ್ಟಸ್ವಾಮಯ್ಯ ಸ್ನಾನ ಮುಗಿಸಿ, ಮೇಜು ಒರೆಸಿ, ನೀಲಿ ಪೆನ್ನು ತೆಗೆದು ಕೂತರು. ಮೊದಲ ಪ್ರಶ್ನೆ: ಹೇಳಿದ ಕೆಲಸವನ್ನು ಪೂರ್ತಿ ಮುಗಿಸುವುದಿಲ್ಲ. ಸೊಸೆ "ಬಹಳ ಸಲ" ಎಂಬ ಚೌಕಕ್ಕೆ ಗುರುತು ಹಾಕಿದ್ದಳು. ಅವರ ಪೆನ್ನು ಅಲ್ಲೇ ನಿಂತಿತು. ಆಸ್ಪತ್ರೆಯ ಕಡತದಲ್ಲಿ ಈ ಹುಡುಗಿಯ ಹೆಸರಿನ ಮುಂದೆ ಇದು ಕೂತರೆ? ಹತ್ತು ವರ್ಷ ಕಳೆದು ಗಂಡಿನ ಕಡೆಯವರು ಹೇಗೋ ಪತ್ತೆ ಹಚ್ಚಿದರೆ? ಮನಸ್ಸಿನ ಡಾಕ್ಟರ ಚೀಟಿ ಎಂದರೆ ಊರು ಹುಚ್ಚು ಎಂದೇ ಓದುತ್ತದೆ. ಬರೆದವಳು ತಾಯಿ, ಮೇಲಾಗಿ ದಣಿದವಳು, ಸಿಟ್ಟಿನಲ್ಲಿ ಬರೆದಿದ್ದಾಳೆ. ಸಿಟ್ಟಿನಲ್ಲಿ ಬರೆದ ಕರಡುಗಳನ್ನು ಅವರು ಎಷ್ಟು ನೋಡಿಲ್ಲ! ಪೆನ್ನು "ಕೆಲವೊಮ್ಮೆ" ಎಂಬ ಚೌಕದ ಮೇಲೆ ಇಳಿಯಿತು. ಎರಡನೆಯದು, ಮೂರನೆಯದು ಸಲೀಸಾಗಿ ಸಾಗಿದವು. ಪೂರ್ತಿ ಚೆನ್ನಾಗಿದ್ದರೆ ಅನುಮಾನ ಬರುತ್ತದೆಂದು ಎರಡು ಕಡೆ "ಆಗಾಗ್ಗೆ" ಬಿಟ್ಟರು. ಉದಾಹರಣೆ ಬರೆಯುವ ಜಾಗದಲ್ಲಿ "ಬಾಲಕಿಯು ಚುರುಕು ಸ್ವಭಾವದವಳು, ಹಿರಿಯರಲ್ಲಿ ಗೌರವವುಳ್ಳವಳು" ಎಂದು ಬರೆದರು. ಓದಿ ನೋಡಿಕೊಂಡಾಗ ಮೊಮ್ಮಗಳಿಗೆ ಹೊಸ ಲಂಗ ಹೊಲಿಸಿದಷ್ಟು ತೃಪ್ತಿಯಾಯಿತು. ಜೆರಾಕ್ಸ್ ತೆಗೆಸಿ, ಪೆನ್ಸಿಲಿನ ಕರಡನ್ನು ಅದರ ಹಿಂದೆ ಟ್ಯಾಗ್ ಮಾಡಿ ಕಡತಕ್ಕೆ ಸೇರಿಸಿದರು. ಮಾರನೇ ಬೆಳಿಗ್ಗೆ ಶ್ರೀವಲ್ಲಿ ಚಪ್ಪಲಿ ಮೆಟ್ಟುತ್ತಿದ್ದ ಹೊತ್ತಿಗೆ ಕೊನೆಯ ಹಾಳೆ ಮುಂದೆ ಹಿಡಿದರು. ಅವಳು ಗೋಡೆಗೆ ಒತ್ತಿಕೊಂಡು ರುಜು ಹಾಕಿ ಬಸ್ಸಿಗೆ ಓಡಿದಳು.

ಶಾಲೆಯ ಫಾರಂ ಹಿಡಿದು ಕ್ಲಾಸ್ ಟೀಚರ್ ಕಲ್ಯಾಣಿಯ ಹತ್ತಿರ ಹೋದರು. ಡೈರಿಯ ಕೆಂಪು ಶಾಯಿಯೆಲ್ಲ ಇವಳದೇ. ಇವಳ ತಾಯಿಗೆ ನಿಂತುಹೋಗಿದ್ದ ಕುಟುಂಬ ಪಿಂಚಣಿಯನ್ನು ಪುಟ್ಟಸ್ವಾಮಯ್ಯ ಒಂದು ಅರ್ಜಿಯಲ್ಲಿ ಸರಿಮಾಡಿಸಿಕೊಟ್ಟಿದ್ದರು. ಅವಳು ಕುರ್ಚಿ ಬಿಟ್ಟೆದ್ದಳು.

"ಏನ್ ಬರೀಲಿ ಸರ್?" ಎಂದು ಕೇಳಿದಳು.

ನಮ್ಮಲ್ಲಿ ಟೀಚರುಗಳೂ ಗುಮಾಸ್ತರೂ ಬೇರೆಯವರ ಮಕ್ಕಳ ಬಗ್ಗೆ ಕಾಗದದ ಮೇಲೆ ಏನಾದರೂ ಬರೆಯುವ ಮೊದಲು ಕೇಳುವ ಪ್ರಶ್ನೆ ಅದು. ಅದನ್ನು ಮರ್ಯಾದೆ ಎಂದು ಕರೆಯುತ್ತಾರೆ.

"ಮಗುಗೆ ಒಳ್ಳೇದಾಗೋ ಹಂಗೆ ಬರೀಮ್ಮ" ಎಂದರು ಪುಟ್ಟಸ್ವಾಮಯ್ಯ.

ಕಲ್ಯಾಣಿಗೆ ಅರ್ಥವಾಯಿತು. ಹಿಂದಿನ ದಿನವಷ್ಟೇ ಅಕ್ಷಯಾಳನ್ನು ಬೆಂಚಿನ ಮೇಲೆ ನಿಲ್ಲಿಸಿದ್ದ ಹೆಂಗಸು, "ಇಲ್ಲವೇ ಇಲ್ಲ" ಎಂಬ ಚೌಕಗಳನ್ನು ಒಂದೇ ಉಸಿರಿಗೆ ತುಂಬಿ ಶಾಲೆಯ ಸೀಲು ಒತ್ತಿ ಕೊಟ್ಟಳು.

ಆಸ್ಪತ್ರೆಯ ದಿನಕ್ಕೆ ಶ್ರೀವಲ್ಲಿಗೆ ರಜೆ ಸಿಗಲಿಲ್ಲ. ಸಮೀಕ್ಷೆಗೆ ಚಕ್ಕರ್ ಹೊಡೆದವರಿಗೆ ನೋಟೀಸು ಎಂದು ಮೇಲಿನವರು ಹೆದರಿಸಿದ್ದರು. ಈ ಸಲ ಗಣೇಶ್ ಪ್ರಸಾದ್ ಬಂದ. ಡಾಕ್ಟರ ಮುಂದೆ ಅವನು "ನಾನು ಬೆಳಗ್ಗೆ ಹೋದ್ರೆ ರಾತ್ರಿ ಬರೋದು ಮೇಡಂ, ಎಲ್ಲ ನಮ್ಮಪ್ಪನೇ ನೋಡ್ಕೊಳ್ಳೋದು" ಎಂದು ಹೇಳಿ ತನ್ನ ಪಾಲು ಮುಗಿಸಿದ. ಡಾಕ್ಟರು ಫಾರಂಗಳನ್ನು ಓದಿದರು, ಮತ್ತೆ ಓದಿದರು, ಹಿಂದಿನ ಸಲ ಬರೆದುಕೊಂಡಿದ್ದನ್ನು ತೆಗೆದು ನೋಡಿದರು.

"ಅವತ್ತು ತಾಯಿ ಹೇಳಿದ್ದಕ್ಕೂ ಇಲ್ಲಿ ಬರೆದಿರೋದಕ್ಕೂ ಹೊಂದ್ತಾ ಇಲ್ವಲ್ಲ. ಸ್ಕೂಲಲ್ಲಂತೂ ಏನೂ ತೊಂದರೆ ಇಲ್ಲ ಅಂತಿದಾರೆ. ಯಾಕೆ ಹೀಗೆ?"

ಪುಟ್ಟಸ್ವಾಮಯ್ಯನವರ ಪಕ್ಕದ ಕುರ್ಚಿಯಲ್ಲಿ ಅಕ್ಷಯಾ ಕಾಲು ಆಡಿಸುತ್ತ ಕೂತಿದ್ದಳು. ನಿಜ ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುವಂತಿರಲಿಲ್ಲ.

"ತಾಯಿಗೆ ಸ್ವಲ್ಪ ಆತಂಕ ಜಾಸ್ತಿ ಮೇಡಂ" ಎಂದರು ಅವರು. "ಕೆಲಸದ ಒತ್ತಡ ನೋಡಿ. ಸಣ್ಣದನ್ನ ದೊಡ್ಡದು ಮಾಡ್ಕೋತಾಳೆ. ಆಮೇಲೆ ನಿಧಾನಕ್ಕೆ ಯೋಚನೆ ಮಾಡಿ ಅವಳೇ ಬರ್ದು ಸೈನ್ ಹಾಕಿದಾಳೆ."

ಆಡುತ್ತಿದ್ದ ಕಾಲು ನಿಂತಿತು. "ಅಮ್ಮ ಹಿಂಗೆ ಬರ್ದಿದಾಳಾ?" ಎಂದು ಅಕ್ಷಯಾ ಕೇಳಿದಳು. ತಾತ "ಸುಮ್ನಿರಮ್ಮ" ಎಂದರು. ಈಗಿರುವ ಮಾಹಿತಿಯ ಮೇಲೆ ಎಡಿಎಚ್‌ಡಿ ಎಂದು ಹೇಳಲು ಆಧಾರ ಸಾಲದು, ಆರು ತಿಂಗಳು ನೋಡಿ, ಮುಂದಿನ ಸಲ ತಾಯಿ ಬರಲೇಬೇಕು ಎಂದು ಡಾಕ್ಟರು ಬರೆದುಕೊಟ್ಟರು. ವಾಪಸ್ ಬರುವಾಗ ಹುಡುಗಿ ಕಿಟಕಿಯ ಪಕ್ಕವೇ ಕೂತಳು. ಹೊಸಕೋಟೆ ದಾಟಿದ ಮೇಲೆ ಒಂದೇ ಒಂದು ಸಲ ಕೇಳಿದಳು. "ಹಂಗಾದ್ರೆ ನಾನು ಬೇಕಂತಲೇ ಮಾಡ್ತೀನಿ ಅಂತ ಆಯ್ತಲ್ಲ ತಾತ?"

"ಇನ್ನು ಮನಸಿಟ್ಟು ಓದಿದ್ರಾಯ್ತು ಬಿಡು" ಎಂದರು ತಾತ.

ಕಮಲಮ್ಮ ಪಾಯಸ ಮಾಡಿದರು. ಶ್ರೀವಲ್ಲಿ ಆಸ್ಪತ್ರೆಯ ಚೀಟಿಯನ್ನು ತಿರುವಿ ಮುರುವಿ ನೋಡಿದಳು. ತಾನೇ ಅಷ್ಟೆಲ್ಲ ಬರೆದುಕೊಟ್ಟ ಮೇಲೂ ಡಾಕ್ಟರು ಏನೂ ಇಲ್ಲ ಎಂದರೆ ತನ್ನ ಕಣ್ಣೇ ಸರಿಯಿಲ್ಲ ಅಂದುಕೊಂಡಳು. ಪುಟ್ಟಸ್ವಾಮಯ್ಯ ಆ ಚೀಟಿಯ ನಕಲನ್ನು ಶಾಲೆಗೂ ಒಯ್ದು ತೋರಿಸಿದರು. "ಡಾಕ್ಟ್ರೇ ಏನೂ ಇಲ್ಲ ಅಂದ್ಮೇಲೆ ಇದು ಬರೀ ಕೊಬ್ಬು ಸರ್. ನಂಗೆ ಬಿಡಿ, ಸರಿ ಮಾಡ್ತೀನಿ" ಎಂದಳು ಕಲ್ಯಾಣಿ. ಮಾತು ಉಳಿಸಿಕೊಂಡಳು ಕೂಡ. ಮೊದಲು ಏನಾದರೂ ಇರಬಹುದೇನೋ ಎಂಬ ಅಳುಕಿತ್ತು, ಈಗ ಅದೂ ಹೋಯಿತು. ಬೋರ್ಡಿನಿಂದ ಒಂದು ಸಾಲು ಬಿಟ್ಟರೆ ನೂರು ಸಲ ಬರೆಯುವ ಶಿಕ್ಷೆ, ಪುಸ್ತಕ ಮರೆತರೆ ಬಾಗಿಲಾಚೆ ಮೊಣಕಾಲು. ಮಕ್ಕಳು ಕೂಡ "ಟೆಸ್ಟಲ್ಲಿ ಪಾಸಾದವಳು" ಎಂದು ರೇಗಿಸತೊಡಗಿದರು.

ಅಕ್ಷಯಾ ಬದಲಾದಳು. ಟೀಚರುಗಳನ್ನು ಅಣಕಿಸುವುದು ನಿಂತಿತು. ಶಾಲೆಯಿಂದ ಬಂದವಳು ಪುಸ್ತಕದ ಮುಂದೆ ಕೂತರೆ ಊಟಕ್ಕೆ ಕರೆಯುವವರೆಗೂ ಏಳುತ್ತಿರಲಿಲ್ಲ. ಹಾಳೆ ಮಾತ್ರ ಕೂತಾಗ ಯಾವುದಿತ್ತೋ ಏಳುವಾಗಲೂ ಅದೇ. ಎಡಗೈ ಉಗುರುಗಳನ್ನು ರಕ್ತ ಬರುವ ಹಾಗೆ ಕಚ್ಚಿಕೊಂಡಿದ್ದಳು. "ನೋಡಿದ್ರಾ, ದೊಡ್ಡೋಳಾದ್ಲು" ಎಂದು ಕಮಲಮ್ಮ ಹಿಗ್ಗಿದರು. ಪುಟ್ಟಸ್ವಾಮಯ್ಯನವರಿಗೆ ಹಿಗ್ಗಲಾಗಲಿಲ್ಲ. ಸಂಜೆ ಅರ್ಜಿಯವರು ಎದ್ದುಹೋದ ಮೇಲೆ ಮೊದಲಾದರೆ ಹುಡುಗಿ ಬಂದು ಅವರ ಪೆನ್ನುಗಳನ್ನೆಲ್ಲ ಹರಡಿ ತಲೆ ತಿನ್ನುತ್ತಿದ್ದಳು. ಈಗ ಪೆನ್ನುಗಳು ಇಟ್ಟಲ್ಲೇ ಇರುತ್ತಿದ್ದವು. ಅವರು ಒಂದೆರಡು ಸಲ ತಾವಾಗಿ ಕರೆದರು. "ಓದ್ಕೋಬೇಕು ತಾತ" ಎಂದಳು.

ನಾಲ್ಕು ತಿಂಗಳಾದ ಮೇಲೆ ಶಾಲೆಯವರು ಕೇಳಿದರೆಂದು ಶ್ರೀವಲ್ಲಿ ಮಗಳ ಆಧಾರ್ ನಕಲಿಗಾಗಿ ಮಾವನ ಕಡತ ತೆಗೆದಳು. ಅಕ್ಷಯಾ ಎಂದು ದುಂಡಗೆ ಬರೆದಿದ್ದ ರಟ್ಟಿನೊಳಗೆ ಫೇರ್ ಕಾಪಿಯ ಜೆರಾಕ್ಸ್ ಇತ್ತು, ಅದರ ಬೆನ್ನಿಗೆ ಅವಳ ಪೆನ್ಸಿಲಿನ ಹಾಳೆಗಳಿದ್ದವು. ಅವಳು ವರಾಂಡಕ್ಕೆ ಬಂದಾಗ ಪುಟ್ಟಸ್ವಾಮಯ್ಯ ಯಾರದೋ ಖಾತೆಯ ಅರ್ಜಿ ಬರೆಯುತ್ತಿದ್ದರು. ಬಂದಿದ್ದವನನ್ನು ಆಮೇಲೆ ಬಾ ಎಂದು ಕಳಿಸಿ, ಎರಡು ಹಾಳೆಗಳನ್ನೂ ಅವರ ಮುಂದಿಟ್ಟಳು.

"ಇದೇನು ಮಾವ?"

ಅವರು ಕನ್ನಡಕ ತೆಗೆದರು, ಹಾಕಿಕೊಂಡರು. "ಮಗು ಭವಿಷ್ಯಕ್ಕೆ ಅಂತ ಕಣಮ್ಮ. ಕಾಗದದ ಮೇಲೆ ಒಂದ್ಸಲ ಬಿದ್ರೆ ಹೋಗಲ್ಲ. ನಿಂಗೆ ಗೊತ್ತಿಲ್ಲ, ನಾನು ನೋಡಿದೀನಿ…"

"ಏನ್ ನೋಡಿದೀರ?" ಶ್ರೀವಲ್ಲಿಯ ದನಿ ಏರಲಿಲ್ಲ, ಅದಕ್ಕೇ ಅವರಿಗೆ ಹೆಚ್ಚು ಭಯವಾಯಿತು. "ನಾನು ನಾಲ್ಕು ತಿಂಗಳಿಂದ ಅವಳಿಗೆ ಹೊಡೀತಿದೀನಿ ಮಾವ. ಮೊದ್ಲು ಹೊಡೆದ್ರೆ ಆಮೇಲೆ ಸಂಕಟ ಆಗೋದು. ಡಾಕ್ಟ್ರು ಏನೂ ಇಲ್ಲ ಅಂದ್ಮೇಲೆ ಸಂಕಟನೂ ಪಡದೆ ಹೊಡ್ದೆ. ಅವಳು ಎಲ್ಲ ಪರೀಕ್ಷೇಲೂ ಫೇಲಾಗೋಳು, ಫೇಲಾಗಿದ್ರೆ ಒಳ್ಳೇದಾಗ್ತಿದ್ದಿದ್ದು ಅದೊಂದ್ರಲ್ಲೇ. ಅದ್ರಲ್ಲಿ ನೀವು ಪಾಸ್ ಮಾಡ್ಸಿದ್ರಿ."

ಪುಟ್ಟಸ್ವಾಮಯ್ಯನವರಿಗೆ ಅಳು ಬಂತು, ಎದುರಿಗೆ ಅರ್ಜಿಯ ಹಾಳೆ ಇತ್ತು, ಅದರ ಮೇಲೆ ಬೀಳದಿರಲೆಂದು ಮುಖ ಪಕ್ಕಕ್ಕೆ ತಿರುಗಿಸಿಕೊಂಡರು. ಆ ಹೊತ್ತಿನಲ್ಲೂ ಅವರಿಗೆ ಕಾಗದದ್ದೇ ಚಿಂತೆ. ಬಾಗಿಲಲ್ಲಿ ನಿಂತಿದ್ದ ಕಮಲಮ್ಮ ಗಂಡನ ಕಡೆ ನೋಡದೆ ಅಡುಗೆಮನೆಗೆ ಹೋದರು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಎರಡು ತಿಂಗಳು ಕಾಯುವುದು ಬೇಡವೆಂದು ಶ್ರೀವಲ್ಲಿ ಮುಂದಿನ ವಾ‍ರಕ್ಕೇ ದಿನ ಗೊತ್ತುಮಾಡಿಸಿದಳು. ಹೊಸ ಫಾರಂ ಬಂದಾಗ ಮಾವನ ಮುಂದಿಟ್ಟು, "ನೀವೇ ಬರೀರಿ, ನಾನು ಪಕ್ಕದಲ್ಲಿ ಕೂತಿರ್ತೀನಿ" ಎಂದಳು. ಅದು ಶಿಕ್ಷೆಯೆಂದು ಇಬ್ಬರಿಗೂ ಗೊತ್ತಿತ್ತು. ಅವರು ಒಂದೊಂದೇ ಚೌಕಕ್ಕೆ ನಿಜವಾದ ಗುರುತು ಹಾಕಿದರು, ಹಾಲು, ಬಾಟಲಿ, ಶೂ, ಉಗುರು ಎಲ್ಲವನ್ನೂ ಬರೆದರು. ಒಂದು ಕಡೆ ಶಾಯಿ ಹರಡಿತು, ಹಾಗೆಯೇ ಬಿಟ್ಟರು. ಕಲ್ಯಾಣಿಯ ಹತ್ತಿರ ಹೋದರೆ ಅವಳು, "ಒಂದೇ ಮಗುಗೆ ಎರಡು ಥರ ಬರ್ಕೊಟ್ರೆ ನನ್ನ ಗತಿ ಏನ್ ಸರ್?" ಎಂದಳು. ಅವರು ಅಲ್ಲೇ ನಿಂತರು. ಸಂಜೆ ಶಾಲೆ ಬಿಡುವವರೆಗೂ ಸ್ಟಾಫ್ ರೂಮಿನ ಹೊರಗೆ ನಿಂತ ಮೇಲೆ ಅವಳು ಮುಖ ಗಂಟಿಕ್ಕಿಕೊಂಡು ಬರೆದುಕೊಟ್ಟಳು.

ಈ ಸಲ ಬಸ್ಸಿನಲ್ಲಿ ಅಕ್ಷಯಾ ಅಮ್ಮ, ತಾತ ಇಬ್ಬರನ್ನೂ ಬಿಟ್ಟು ಹಿಂದಿನ ಸೀಟಿನಲ್ಲಿ ಒಬ್ಬಳೇ ಕೂತಳು. ಆಸ್ಪತ್ರೆಯಲ್ಲಿ ಡಾಕ್ಟರು ಹಳೆಯ ಫಾರಂ, ಹೊಸ ಫಾರಂ ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟುಕೊಂಡರು.

"ಎರಡೂ ಒಂದೇ ಕೈ ಬರಹ. ಯಾವುದು ನಿಜ?"

"ಹೊಸದು ಮೇಡಂ" ಎಂದರು ಪುಟ್ಟಸ್ವಾಮಯ್ಯ. "ಮೊದಲಿಂದು ನಮ್ಮ ಸೊಸೆ ಬರ್ದಿದ್ದಲ್ಲ. ಅವಳು ಸರಿಯಾಗೇ ಬರ್ದಿದ್ಲು, ನಾನು ತಿದ್ದಿದೆ. ತಪ್ಪು ನಂದು." ಅರವತ್ತೆಂಟು ವರ್ಷದ ಬಾಳಿನಲ್ಲಿ ಅವರು ಹಾಗೆ ಒಪ್ಪಿಕೊಂಡದ್ದು ಕಡಿಮೆ. ಎದೆಯ ಮೇಲಿನ ಚಪ್ಪಡಿ ಇಳಿದಂತಾಗಿ, ಇನ್ನು ಎಲ್ಲ ಸರಿಹೋಗುತ್ತದೆ ಎಂಬ ಧೈರ್ಯದಲ್ಲಿ ಮೊಮ್ಮಗಳ ಕಡೆ ನೋಡಿದರು.

ಡಾಕ್ಟರೂ ಅವಳ ಕಡೆ ತಿರುಗಿದರು. "ನೀನು ಹೇಳು ಪುಟ್ಟ. ಕ್ಲಾಸಲ್ಲಿ ಹೇಗಾಗುತ್ತೆ?"

"ಏನೂ ಆಗಲ್ಲ ಮೇಡಂ" ಎಂದಳು ಅಕ್ಷಯಾ. "ತಾತ ಮೊದ್ಲು ಬರ್ದಿದ್ದೇ ಸರಿ."

"ಅಕ್ಷೂ!" ಎಂದಳು ಶ್ರೀವಲ್ಲಿ.

"ನಂಗೇನೂ ಇಲ್ಲಮ್ಮ. ನಾನೇ ಸರಿಯಾಗಿ ಓದ್ತಿರ್ಲಿಲ್ಲ. ಈಗ ಓದ್ತಿದೀನಿ."

"ಇಲ್ಲ ಕಂದ, ನಿನ್ನ ತಪ್ಪಲ್ಲ ಅದು, ನಾನು ಸುಳ್ಳು…" ಎಂದು ಪುಟ್ಟಸ್ವಾಮಯ್ಯ ಬಾಯಿ ತೆಗೆದರು. ಡಾಕ್ಟರು ಕೈ ಎತ್ತಿ ತಡೆದರು.

"ಫಾರಂ ಇವತ್ತು ತಿದ್ದಬಹುದು ಸರ್. ಇವಳಿಗೆ ನಮ್ಮ ಮೇಲೆ ನಂಬಿಕೆ ಬರೋಕೆ ಎಷ್ಟು ದಿನ ಬೇಕೋ ನನಗೂ ಗೊತ್ತಿಲ್ಲ. ನೀವು ಸ್ವಲ್ಪ ಹೊರಗಡೆ ಕೂತಿರಿ."

ಅವರು ಎದ್ದರು. ಬಾಗಿಲ ಹತ್ತಿರ ನಿಂತು, ಒಂದು ಸಲ ತಿರುಗಿ ನೋಡಿಯಾಳೇನೋ ಎಂದು ಕಾದರು. ಅಕ್ಷಯಾ ಎರಡು ಕೈಗಳನ್ನೂ ತೊಡೆಯಡಿ ಸೇರಿಸಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಎದುರಿನ ಗೋಡೆಯನ್ನೇ ನೋಡುತ್ತಿದ್ದಳು. ಹುಟ್ಟಿದಾಗಿನಿಂದ ಆಡಿಸಿ ಬೆಳೆಸಿದ ಹುಡುಗಿ ಅಷ್ಟು ಅಲುಗಾಡದೆ ಕೂತದ್ದನ್ನು ಅವರು ಯಾವತ್ತೂ ಕಂಡಿರಲಿಲ್ಲ.